ಬೀರಪ್ಪಗೆ ನಂಬರ್ ಕೊಡೋರ್ಯಾರು?

ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರ್. ಬೆಳಗಿನ ಬಸ್ಸಿನಲ್ಲಿ ಸೀಟಿಗೆ ಬರ, ಜಗಳಕ್ಕಿಲ್ಲ. ಯುವಜನೋತ್ಸವ ಹತ್ತಿರ ಬಂತೆಂದರೆ ನಮ್ಮ ಗ್ಯಾಂಗಿಗೆ ಒಂದೇ ವಿಷಯ: ಯಾವ ಕಾಲೇಜಿನ ಡೊಳ್ಳು ತಂಡ ಗೆಲ್ಲಬೇಕು.

ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಪಿರಮಿಡ್ ಕಟ್ಟಿ ಬಾರಿಸಿದರೆ ಸೀಟಿ, ಚಪ್ಪಾಳೆ. ‘ಅದು ಸರ್ಕಸ್ ಕಣೋ, ತಾಳ ಎಲ್ಲೈತಿ?’ ಅಂತ ಒಬ್ಬ. ‘ನಿಂತಲ್ಲೇ ಬಾರಿಸಿದ್ರೆ ಜಡ್ಜು ನಿದ್ದಿ ಮಾಡ್ತಾರೆ’ ಅಂತ ಇನ್ನೊಬ್ಬ. ತಂಡದ ಎರಡನೇ ಸಾಲಿನವನಾದ ನನ್ನ ಓಟು ತಾಳಕ್ಕೇ. ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ, ಸೊಂಟದಲ್ಲಿ ಆ ಭಾರ. ಕುಣಿಯುತ್ತಲೇ ಹನ್ನೆರಡು ಜನ ಒಂದೇ ಪೆಟ್ಟಿಗೆ ಬರುವುದಿದೆಯಲ್ಲ, ಅದು ಪಿರಮಿಡ್‌ಗಿಂತ ಕಷ್ಟ. ಬೀರಪ್ಪನ ಗುಡಿ ಮುಂದೆ ಡೊಳ್ಳು ಕೇಳಿ ಬೆಳೆದ ನಮ್ಮಜ್ಜನಿಗೆ ಈ ವಾದವೇ ನಗು. ‘ಬೀರಪ್ಪಗೆ ನಂಬರ್ ಕೊಡೋರ್ಯಾರು?’ ಅನ್ನುತ್ತಾನೆ.

ಸಾಗರ್ ಪುರಾಣಿಕ್ ನಿರ್ದೇಶನದ ‘ಡೊಳ್ಳು’ 68ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಕನ್ನಡ ಚಿತ್ರ ಎನಿಸಿತು. ಅದರಲ್ಲಿ ತಂಡದ ಹುಡುಗರು ದುಡಿಮೆಗೆಂದು ಬೆಂಗಳೂರು ಸೇರುತ್ತಾರೆ. ಅದನ್ನು ನೋಡಿದ ಮರುದಿನ ಬಸ್ಸಿನಲ್ಲಿ ಜಗಳವಿರಲಿಲ್ಲ. ನಾವೂ ಅಲ್ಲಿಗೇ ಹೊರಟವರಲ್ಲವೇ?

ಮೊನ್ನೆ ಪ್ಲೇಸ್‌ಮೆಂಟ್‌ಗೆ ರೆಸ್ಯೂಮೆ ಬರೆಯುವಾಗ ಹವ್ಯಾಸದ ಮುಂದೆ ‘ಕ್ರಿಕೆಟ್, ಓದು’ ಎಂದು ಹಾಕಿದೆ. ಡೊಳ್ಳು ಎಂದರೆ ಮೆರವಣಿಗೆಗೆ ಬಾಡಿಗೆಗೆ ಬರುವವನು ಅಂದುಕೊಂಡಾರೆಂಬ ಅಳುಕು. ಪಕ್ಕದಲ್ಲಿದ್ದ ಕ್ಲಾಸ್‌ಮೇಟ್ ನನ್ನ ಎಡಗೈಯ ದಡ್ಡುಗಟ್ಟಿದ ಬೆರಳು ನೋಡಿ, ‘ಇದು ಕ್ರಿಕೆಟ್ ಆಡಿ ಬಂದಿದ್ದಾ?’ ಎಂದಳು.

ಅಳಿಸಿ, ‘ಡೊಳ್ಳು ಕುಣಿತ, ಎರಡನೇ ಸಾಲು’ ಎಂದು ಬರೆದೆ.