ಒಂದು ವೈರಸ್, ಹಲವು ಹೆಸರು: ನಾಮಭೇದದ ಹಿಂದಿನ ಕಾರಣಗಳು

ಧರ್ಮಪುರಿ ಜಿಲ್ಲೆಯ ಪಾಪಿರೆಡ್ಡಿಪಟ್ಟಿಯ ಹೆಸರನ್ನು ಕನ್ನಡದಲ್ಲಿ ಒಂಟಿ ಪಕಾರದಿಂದಲೂ ತಮಿಳಿನಲ್ಲಿ ದ್ವಿತ್ವದಿಂದಲೂ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಎರಡೂ ರೂಪಗಳು ಕಾಣುತ್ತವೆ. ಇದರಿಂದ ದೊಡ್ಡ ತೊಡಕೇನೂ ಇಲ್ಲ, ಏಕೆಂದರೆ ಹೆಸರು ಹೇಗಿದ್ದರೂ ಊರು ಇದ್ದಲ್ಲೇ ಇರುತ್ತದೆ. ಕಂಪ್ಯೂಟರ್ ವೈರಸ್ಸಿಗೆ ಅಂಥ ನೆಲೆಯಿಲ್ಲ. ಅದೇ ಊರಿನ ಒಂದು ಯಂತ್ರದಲ್ಲಿ ಚೆನ್ನೈನ ಕೆ7, ಇನ್ನೊಂದರಲ್ಲಿ ಪುಣೆಯ ಕ್ವಿಕ್ ಹೀಲ್ ಇದ್ದರೆ, ಒಂದೇ ಸೋಂಕಿಗೆ ಅವೆರಡೂ ಬೇರೆ ಬೇರೆ ಹೆಸರು ಕೊಡಬಹುದು. ಸೋಂಕು ಒಂದೋ ಎರಡೋ ಎಂಬುದನ್ನು ಹೆಸರು ಮಾತ್ರ ನೋಡಿ ನಿರ್ಣಯಿಸಲಾಗದು.

2006ರ ಜನವರಿಯಲ್ಲಿ ಹರಡಿದ ವರ್ಮ್ ಇದಕ್ಕೆ ಒಳ್ಳೆಯ ನಿದರ್ಶನ. ಕ್ಯಾಸ್ಪರ್ಸ್ಕಿ ಅದನ್ನು ನೈಕ್ಸೆಮ್-ಇ ಎಂದಿತು. ಸೋಫೋಸ್ ನೈಕ್ಸೆಮ್-ಡಿ ಎಂದಿತು. ಸಿಮ್ಯಾಂಟೆಕ್‌ಗೆ ಅದು ಬ್ಲ್ಯಾಕ್‌ಮಾಲ್, ಮ್ಯಾಕಫಿಗೆ ಮೈವೈಫ್, ಟ್ರೆಂಡ್ ಮೈಕ್ರೋಗೆ ಗ್ರ್ಯೂ. ಪತ್ರಿಕೆಗಳಿಗೆ ಮಾತ್ರ ‘ಕಾಮಸೂತ್ರ’. ಪ್ರತಿ ತಿಂಗಳ 3ರಂದು ಅದು ವರ್ಡ್, ಎಕ್ಸೆಲ್, ಪಿಡಿಎಫ್ ಮೊದಲಾದ ಕಡತಗಳ ಮೇಲೆ ತಿದ್ದಿ ಬರೆದು ಅವನ್ನು ನಾಶಮಾಡುತ್ತಿತ್ತು. ಹೆಚ್ಚು ಸೋಂಕು ಕಂಡ ದೇಶಗಳಲ್ಲಿ ಭಾರತವೂ ಒಂದು. ಬೇರೆ ಪ್ರತಿಯಿಲ್ಲದ ಪದಪಟ್ಟಿ, ಕ್ಷೇತ್ರಟಿಪ್ಪಣಿಗಳನ್ನು ಒಂದೇ ಯಂತ್ರದಲ್ಲಿಟ್ಟುಕೊಂಡವರು ಪತ್ರಿಕೆಯಲ್ಲಿ ಓದಿದ ಹೆಸರನ್ನು ತಮ್ಮ ಆಂಟಿವೈರಸ್ ಪಟ್ಟಿಯಲ್ಲಿ ಹುಡುಕಿದ್ದರೆ ಅದು ಸಿಗುವ ಭರವಸೆ ಇರಲಿಲ್ಲ.

ನಿಯಮಗಳಿಲ್ಲದೆ ಹೀಗಾಯಿತೆಂದು ಭಾವಿಸಬೇಕಿಲ್ಲ. ಕ್ಯಾರೋ ಎಂಬ ತಜ್ಞರ ಕೂಟ 1991ರಲ್ಲೇ ನಾಮಕರಣ ಸೂತ್ರಗಳನ್ನು ರೂಪಿಸಿತ್ತು. ಸಂಸ್ಥೆಗಳ, ಬದುಕಿರುವ ವ್ಯಕ್ತಿಗಳ ಹೆಸರನ್ನು ವೈರಸ್ಸಿಗೆ ಇಡಬಾರದು. ಮೊದಲು ಸಿಕ್ಕ ಸ್ಥಳದ ಹೆಸರನ್ನೂ ಇಡಬಾರದು, ಏಕೆಂದರೆ ಅದೇ ವೈರಸ್ ಏಕಕಾಲಕ್ಕೆ ಹಲವೆಡೆ ಕಾಣಿಸಿಕೊಳ್ಳಬಹುದು. (ತಾವು ಸಂದರ್ಶನ ನಡೆಸಿದ ಊರಿನ ಹೆಸರನ್ನೇ ಉಪಭಾಷೆಗೆ ಇಡುವ ಭಾಷಾಶಾಸ್ತ್ರಜ್ಞರಿಗೂ ಈ ಸೂತ್ರ ಹೊಂದೀತು.) ನೈಕ್ಸೆಮ್ ಎಂಬ ಹೆಸರು ಬಂದದ್ದು, ಮೊದಲ ಅವತರಣಿಕೆ ದಾಳಿಯಿಟ್ಟ ನ್ಯೂಯಾರ್ಕಿನ ‘ನೈಮೆಕ್ಸ್’ ವಿನಿಮಯ ಕೇಂದ್ರದ ಅಕ್ಷರಗಳನ್ನು ಅದಲುಬದಲು ಮಾಡಿದ್ದರಿಂದ.

ಭೇದದ ಬೇರು ಇರುವುದು ವರ್ಗೀಕರಣದಲ್ಲಿ. ಹೊಸ ಮಾದರಿ ಹಲವು ಪ್ರಯೋಗಾಲಯಗಳನ್ನು ಒಟ್ಟಿಗೇ ತಲುಪುತ್ತದೆ. ಕೆಲವೇ ಗಂಟೆಗಳಲ್ಲಿ ಪರಿಹಾರ ಹೊರಡಬೇಕು. ಒಬ್ಬರಿಗೆ ಅದು ಹಳೆಯ ಕುಲದ ಹೊಸ ಪ್ರಭೇದ, ಇನ್ನೊಬ್ಬರಿಗೆ ಹೊಸ ಕುಲ. ‘ಇ’ ಮತ್ತು ‘ಡಿ’ಗಳ ಅಂತರವೂ ಹಿಂದಿನ ಪ್ರಭೇದಗಳನ್ನು ಎಣಿಸಿದ ಬಗೆಯಿಂದ ಹುಟ್ಟಿದ್ದು. ಹೆಸರಿನ ಬದಲು ಸಂಖ್ಯೆ ಕೊಡುವ ಸಿಎಂಇ ಯೋಜನೆ 2005ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಮೇಲಿನ ವರ್ಮ್‌ಗೆ 24 ಎಂಬ ಸಂಖ್ಯೆ ದೊರೆಯಿತು. ಯೋಜನೆ ಬಹುಕಾಲ ನಡೆಯಲಿಲ್ಲ. ತಂತ್ರಾಂಶದ ದೋಷಗಳಿಗೆ ಸಂಖ್ಯೆ ನೀಡುವ ಸಿವಿಇ ಮಾತ್ರ 1999ರಿಂದ ಇಂದಿಗೂ ಉಳಿದಿದೆ. ದೋಷವನ್ನು ಇಂಥ ತಂತ್ರಾಂಶದ ಇಂಥ ಭಾಗದಲ್ಲಿದೆ ಎಂದು ತೋರಿಸಬಹುದು. ದಿನವೂ ರೂಪ ಬದಲಿಸುವ ವೈರಸ್ಸಿನಲ್ಲಿ ಒಂದರ ಅಂತ್ಯ ಎಲ್ಲಿ, ಇನ್ನೊಂದರ ಆರಂಭ ಎಲ್ಲಿ ಎಂಬುದೇ ವಿವಾದ.

ಈಗ ಉಳಿದಿರುವ ಮಾರ್ಗ ಗ್ರಂಥಸಂಪಾದಕರಿಗೆ ಪರಿಚಿತವಾದದ್ದು. ವೈರಸ್‌ಟೋಟಲ್ ಒಂದು ಕಡತಕ್ಕೆ ಹತ್ತಾರು ತಂತ್ರಾಂಶಗಳು ಕೊಟ್ಟ ಹೆಸರುಗಳನ್ನು ಪಾಠಾಂತರಗಳಂತೆ ಒಟ್ಟಿಗೆ ತೋರಿಸುತ್ತದೆ. ಆದರೆ ಬಹುಮತವನ್ನೇ ನಂಬುವಂತಿಲ್ಲ: ಹಲವು ಸಂಸ್ಥೆಗಳು ಬಿಟ್‌ಡಿಫೆಂಡರ್‌ನ ಪತ್ತೆಯಂತ್ರವನ್ನೇ ಪರವಾನಗಿ ಪಡೆದು ಬಳಸುತ್ತವೆ. ಒಂದೇ ಮೂಲಪ್ರತಿಯಿಂದ ಇಳಿದ ಐದು ಓಲೆಪ್ರತಿಗಳು ಐದು ಸಾಕ್ಷ್ಯಗಳಾಗಲಾರವು. 2016ರಲ್ಲಿ ಪ್ರಕಟವಾದ ಎವಿಕ್ಲಾಸ್ ಎಂಬ ಉಪಕರಣ ಇದನ್ನು ಗಮನದಲ್ಲಿಟ್ಟು, ಯಥಾವತ್ತಾಗಿ ಮರುಕಳಿಸಿದ ಹೆಸರುಗಳನ್ನು ಕೈಬಿಟ್ಟು, ‘ಟ್ರೋಜನ್’, ‘ಜೆನೆರಿಕ್’ನಂಥ ಸಾಮಾನ್ಯ ಪದಗಳನ್ನು ತೆಗೆದು, ಉಳಿದವುಗಳಲ್ಲಿ ಹೆಚ್ಚು ಬಾರಿ ಬಂದ ಕುಲನಾಮವನ್ನು ಆಯುತ್ತದೆ. ಎಲ್ಲ ಸಂಸ್ಥೆಗಳೂ ಸಾಮಾನ್ಯ ಪದಗಳನ್ನಷ್ಟೇ ಬಳಸಿದ್ದರೆ ಆ ಕಡತ ಕುಲನಾಮವಿಲ್ಲದೆ ಉಳಿಯುತ್ತದೆ.