ರಣಹದ್ದೋ ಕೊಕ್ಕರೆಯೋ: ಆಕಾಶದ ದೈತ್ಯರ ವಂಶ ಹುಡುಕಿದ ಬಗೆ

ಸೋಲೂರಿನ ಒಂದು ಕಡೆ ಶಿವಗಂಗೆ, ಇನ್ನೊಂದು ಕಡೆ ಸಾವನದುರ್ಗ. ಇನ್ನೂ ದಕ್ಷಿಣಕ್ಕೆ ಹೋದರೆ ರಾಮನಗರದ ಬಂಡೆಗಳು. ಈ ಬೆಟ್ಟಸಾಲಿನ ಕಲ್ಲನ್ನು ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರಿನಲ್ಲೇ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ನೆಲದಾಳದಲ್ಲಿ ಕುದಿಯುತ್ತಿದ್ದ ಶಿಲಾಪಾಕ ಸುಮಾರು 250 ಕೋಟಿ ವರ್ಷಗಳ ಹಿಂದೆ ತಣಿದು ಗಟ್ಟಿಯಾದದ್ದು ಇದು. ಆಗ ಭೂಮಿಯ ಮೇಲೆ ಪ್ರಾಣಿಗಳೇ ಇರಲಿಲ್ಲ. ಹಾಗಾಗಿ ಈ ಬಂಡೆಗಳಲ್ಲಿ ಪಳೆಯುಳಿಕೆ ಸಿಗುವುದಿಲ್ಲ. ಆದರೆ ಭೂಮಿಯ ಮೇಲೆ ಹಾರಿದ ಅತಿ ದೊಡ್ಡ ಜೀವಿಗಳು ಹೇಗೆ ಬದುಕಿದವು ಎಂಬ ವಾದದಲ್ಲಿ ಎದುರುಬದುರಾಗಿ ನಿಂತ ಎರಡು ಬಗೆಯ ಹಕ್ಕಿಗಳು ಈ ಸೀಮೆಯಲ್ಲೇ ಇವೆ. ಒಂದು ರಾಮದೇವರ ಬೆಟ್ಟದ ಉದ್ದಕೊಕ್ಕಿನ ರಣಹದ್ದು. ಇನ್ನೊಂದು, ಚನ್ನಪಟ್ಟಣ ದಾಟಿದ ಮೇಲೆ ಸಿಗುವ ಕೊಕ್ಕರೆಬೆಳ್ಳೂರಿನ ಬಣ್ಣದ ಕೊಕ್ಕರೆ.

ಆ ದೈತ್ಯ ಜೀವಿಗಳು ಟೆರೊಸಾರ್‌ಗಳು, ಅಂದರೆ ಹಾರುವ ಸರೀಸೃಪಗಳು. ಸುಮಾರು 22 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡು, 6.6 ಕೋಟಿ ವರ್ಷಗಳ ಹಿಂದೆ ಪೂರ್ತಿ ಅಳಿದವು. ಮಕ್ಕಳ ಪುಸ್ತಕಗಳಲ್ಲಿ ಇವನ್ನು ಹಾರುವ ಡೈನೋಸಾರ್ ಎಂದು ಬರೆಯುವುದುಂಟು, ಅದು ತಪ್ಪು. ಇವು ಡೈನೋಸಾರ್‌ಗಳ ದಾಯಾದಿಗಳು. ಹಕ್ಕಿಗಳು ಡೈನೋಸಾರ್ ವಂಶದಿಂದಲೇ ಬಂದವು. ಟೆರೊಸಾರ್‌ಗಳಿಗೆ ಇಂದು ಒಂದೇ ಒಂದು ಕುಡಿಯೂ ಉಳಿದಿಲ್ಲ. ಬಾವಲಿಯ ರೆಕ್ಕೆಯನ್ನು ಹಲವು ಬೆರಳುಗಳು ಹಿಡಿದಿದ್ದರೆ, ಟೆರೊಸಾರ್ ರೆಕ್ಕೆಯನ್ನು ಹಿಡಿದದ್ದು ಬಹಳ ಉದ್ದಕ್ಕೆ ಬೆಳೆದ ನಾಲ್ಕನೆಯ ಬೆರಳೊಂದೇ. ಈ ವಂಶದ ಗುರುತು ಅದೇ.

ಗುರುತು ಸಿಗುವವರೆಗೆ ಗೊಂದಲವೂ ಇತ್ತು. ಜರ್ಮನಿಯ ಸುಣ್ಣಕಲ್ಲಿನಲ್ಲಿ ಸಿಕ್ಕ ಮೊದಲ ಅಸ್ಥಿಪಂಜರವನ್ನು ಕೊಸಿಮೊ ಕೊಲಿನಿ 1784ರಲ್ಲಿ ವಿವರಿಸಿದಾಗ ಅದನ್ನು ಕಡಲಿನ ಪ್ರಾಣಿಯೆಂದು ಊಹಿಸಿದ್ದರು. 1801ರಲ್ಲಿ ಫ್ರಾನ್ಸಿನ ಜಾರ್ಜ್ ಕುವಿಯೆ ಅದು ಹಾರುವ ಸರೀಸೃಪವೆಂದು ಸಾರಿದರು. ಅದಾದ ಮೇಲೂ ಸೊಮರಿಂಗ್ ಎಂಬ ವಿದ್ವಾಂಸರು ಅದನ್ನು ಬಾವಲಿಯ ಜೊತೆಗೆ ಸೇರಿಸಿದ್ದರು. ಹೊರಗಿನ ಹೋಲಿಕೆ ನೋಡಿದರೆ ಬಾವಲಿ, ಎಲುಬಿನ ಲೆಕ್ಕ ನೋಡಿದರೆ ಸರೀಸೃಪ.

ಈ ವಂಶದ ಕೊನೆಯ ಕಾಲದಲ್ಲಿ ಮೇಲುಗೈ ಪಡೆದ ಕುಟುಂಬ ಅಜ್ಡಾರ್ಕಿಡ್‌ಗಳದು. ಅಮೆರಿಕದ ಟೆಕ್ಸಸ್‌ನಲ್ಲಿ 1971ರಲ್ಲಿ ವಿದ್ಯಾರ್ಥಿ ಡಗ್ಲಸ್ ಲಾಸನ್‌ಗೆ ಒಂದು ರೆಕ್ಕೆಯ ಎಲುಬುಗಳು ಸಿಕ್ಕವು. ಆ ಪ್ರಾಣಿಯೇ ಕ್ವೆಟ್ಜಾಲ್‌ಕೋಟ್ಲಸ್. ಈಗಿನ ಅಂದಾಜಿನಂತೆ ಅದರ ರೆಕ್ಕೆಯ ಹರವು 10ರಿಂದ 11 ಮೀಟರ್. ನೆಲದ ಮೇಲೆ ನಿಂತರೆ ಜಿರಾಫೆಯಷ್ಟು ಎತ್ತರ. ಈ ಕುಟುಂಬಕ್ಕೆ ಹೆಸರು ಬಂದದ್ದು ಮಧ್ಯ ಏಷ್ಯಾದಲ್ಲಿ ಸಿಕ್ಕ ಮತ್ತೊಂದು ಪ್ರಾಣಿಯಿಂದ. ರಷ್ಯಾದ ಲೆವ್ ನೆಸೊವ್ 1984ರಲ್ಲಿ ಅದನ್ನು ಅಜ್ಡಾರ್ಕೊ ಎಂದು ಕರೆದರು. ಹಲ್ಲಿಲ್ಲದ ಉದ್ದ ದವಡೆ, ಕೊಳವೆಯಂತೆ ನೀಳವಾದ ಕತ್ತಿನ ಕಶೇರುಮಣಿಗಳು ಈ ಕುಟುಂಬದ ಲಕ್ಷಣ. ಆ ಮಣಿಗಳು ಎಷ್ಟು ಉದ್ದವೆಂದರೆ, ಜೋರ್ಡಾನ್‌ನಲ್ಲಿ ಸಿಕ್ಕ ಒಂದನ್ನು ಫ್ರೆಂಚ್ ವಿಜ್ಞಾನಿ ಅರಂಬೂರ್ 1950ರ ದಶಕದಲ್ಲಿ ರೆಕ್ಕೆಯ ಎಲುಬೆಂದೇ ಭಾವಿಸಿದ್ದರು. ಅದು ಕತ್ತಿನದೆಂದು ತಿಳಿದದ್ದು ಆಮೇಲೆ.

ಇಷ್ಟು ದೊಡ್ಡ ಜೀವಿ ಏನು ತಿನ್ನುತ್ತಿತ್ತು? ಟೆಕ್ಸಸ್‌ನಲ್ಲಿ ಎಲುಬು ಸಿಕ್ಕ ಜಾಗ ಆ ಕಾಲದ ಕಡಲಿನಿಂದ ದೂರವಿತ್ತು. ಆದ್ದರಿಂದ 1975ರಲ್ಲಿ ಲಾಸನ್, ಇದು ರಣಹದ್ದಿನಂತೆ ಸತ್ತ ಡೈನೋಸಾರ್‌ಗಳನ್ನು ತಿಂದಿರಬೇಕೆಂದರು. ಆದರೆ ಹೆಣ ಬಗೆಯುವ ಹಕ್ಕಿಗೆ ಏನೇನು ಬೇಕು ಎಂಬುದನ್ನು ರಾಮನಗರದ ರಣಹದ್ದಿನ ಮೈಯೇ ಹೇಳುತ್ತದೆ. ಚರ್ಮ ಸೀಳಲು ಬಾಗಿದ ಗಟ್ಟಿ ಕೊಕ್ಕು, ಹೊಟ್ಟೆಯೊಳಗೆ ತೂರಿಸಲು ಬೇಕಾದ ಹಾಗೆ ಬಳುಕುವ ಕತ್ತು. ಅಜ್ಡಾರ್ಕಿಡ್‌ಗೆ ಇವೆರಡೂ ಇರಲಿಲ್ಲ. ಕೊಕ್ಕು ನೇರ, ಕತ್ತು ಬಿರುಸು.

2008ರಲ್ಲಿ ಬ್ರಿಟನ್ನಿನ ಮಾರ್ಕ್ ವಿಟ್ಟನ್ ಮತ್ತು ಡ್ಯಾರನ್ ನೇಶ್ ಈ ಎಲುಬುಗಳನ್ನೆಲ್ಲ ಮತ್ತೆ ಪರಿಶೀಲಿಸಿದರು. ಪಾದಗಳು ಚಿಕ್ಕವು, ಅಡಿಯಲ್ಲಿ ಮೆತ್ತೆಯಂಥ ದಪ್ಪ ಚರ್ಮ. ಕೆಸರಲ್ಲಿ ಹೂತುಹೋಗಬಹುದಾದ ಇಂಥ ಪಾದ ಗಟ್ಟಿ ನೆಲಕ್ಕೆ ಹೇಳಿಮಾಡಿಸಿದಂತಿದೆ. ದಕ್ಷಿಣ ಕೊರಿಯಾದಲ್ಲಿ ಉಳಿದಿರುವ ಹೆಜ್ಜೆಗುರುತುಗಳು, ಇಂಥ ಟೆರೊಸಾರ್‌ಗಳು ನಾಲ್ಕೂ ಕಾಲನ್ನು ಮೈಯ ಕೆಳಗೇ ಇಟ್ಟು ಸಲೀಸಾಗಿ ನಡೆಯುತ್ತಿದ್ದವೆಂದು ತೋರಿಸುತ್ತವೆ. ಅವರ ತೀರ್ಮಾನ ಇದು: ಇವು ಕೊಕ್ಕರೆಗಳ ಹಾಗೆ ಬಯಲಲ್ಲಿ ಅಡ್ಡಾಡುತ್ತ, ತಲೆ ತಗ್ಗಿಸಿ ಸಣ್ಣಪುಟ್ಟ ಪ್ರಾಣಿಗಳನ್ನು ಹೆಕ್ಕಿ ತಿಂದವು. ಆ ನೀಳ ಕತ್ತು ಮುರಿಯದೆ ಉಳಿದದ್ದಕ್ಕೆ ಕಾರಣ 2021ರಲ್ಲಿ ಮೊರಾಕ್ಕೋದ ಒಂದು ಕಶೇರುಮಣಿಯಲ್ಲಿ ಕಂಡಿತು. ತೆಳುಗೋಡೆಯ ಕೊಳವೆಯೊಳಗೆ ಸೈಕಲ್ ಚಕ್ರದ ಕಡ್ಡಿಗಳಂತೆ ಎಲುಬಿನ ಎಳೆಗಳಿದ್ದವು.

ಹಾಗೆಂದು ಇಡೀ ಕುಟುಂಬ ಒಂದೇ ಅಚ್ಚಿನದಲ್ಲ. ರೊಮೇನಿಯಾದ ಹಾಟ್ಸೆಗೊಪ್ಟೆರಿಕ್ಸ್‌ನ ಕತ್ತು ಗಿಡ್ಡ, ದಪ್ಪ, ಬಲವಾದದ್ದು. ಅದು ಬದುಕಿದ್ದ ಜಾಗ ಆಗ ಒಂದು ದ್ವೀಪವಾಗಿತ್ತು. ದೊಡ್ಡ ಬೇಟೆಗಾರ ಡೈನೋಸಾರ್‌ಗಳಿಲ್ಲದ ಆ ದ್ವೀಪದಲ್ಲಿ ಅದೇ ದೊಡ್ಡ ಬೇಟೆಗಾರನಾಗಿದ್ದಿರಬಹುದು. ಟೆಕ್ಸಸ್‌ನಲ್ಲೇ ಸಿಕ್ಕ ಸಣ್ಣ ಕ್ವೆಟ್ಜಾಲ್‌ಕೋಟ್ಲಸ್‌ಗೆ, ಅಂದರೆ ಸುಮಾರು 4.5 ಮೀಟರ್ ರೆಕ್ಕೆಯದಕ್ಕೆ, 2021ರಲ್ಲಿ ಬೇರೆ ಪ್ರಭೇದದ ಸ್ಥಾನ ಸಿಕ್ಕಿತು. ಅದಕ್ಕೆ ಲಾಸನ್ ಹೆಸರನ್ನೇ ಇಟ್ಟರು.

ಇಡೀ ವಂಶದ ಕಥೆಯಲ್ಲೂ ಇಂಥದೇ ಪಾಠವಿದೆ. ಹಿಂದೆ ಟೆರೊಸಾರ್‌ಗಳನ್ನು ಉದ್ದ ಬಾಲದ ಹಳೆಯವು, ಗಿಡ್ಡ ಬಾಲದ ಹೊಸವು ಎಂದು ಎರಡು ಗುಂಪು ಮಾಡುತ್ತಿದ್ದರು. ಚೀನಾದ ಡಾರ್ವಿನೊಪ್ಟೆರಸ್ ಬಂದು ಈ ಗೆರೆಯನ್ನು ಅಳಿಸಿತು. ಅದರ ತಲೆ, ಕತ್ತು ಹೊಸ ಗುಂಪಿನವು, ಬಾಲ, ಮೈ ಹಳೆಯ ಗುಂಪಿನವು. ವಿಕಾಸ ಇಡೀ ದೇಹವನ್ನು ಒಮ್ಮೆಲೇ ಬದಲಿಸದೆ, ಒಂದೊಂದು ಭಾಗವನ್ನು ಒಂದೊಂದು ಕಾಲದಲ್ಲಿ ತಿದ್ದಿತ್ತು. 2020ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರೆಕ್ಕೆಯಿಲ್ಲದ ಲಾಗರ್‌ಪೆಟಿಡ್ ಎಂಬ ಪುಟ್ಟ ಸರೀಸೃಪಗಳೇ ಟೆರೊಸಾರ್‌ಗಳ ಅತಿ ಹತ್ತಿರದ ಬಂಧುಗಳೆಂದು ತಲೆಬುರುಡೆ, ಕಿವಿಯೊಳಗಿನ ರಚನೆಗಳ ಆಧಾರದಲ್ಲಿ ತೋರಿಸಲಾಯಿತು.

ವರ್ಗೀಕರಣವನ್ನು ನಮ್ಮ ಶಾಲೆಗಳಲ್ಲಿ ಬಾಯಿಪಾಠದ ಪಟ್ಟಿಯಂತೆ ಕಲಿಸುತ್ತೇವೆ. ನಿಜಕ್ಕೂ ಅದು ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟು ಕೇಳುವ ಶಿಸ್ತು: ಇದು ಯಾರ ಹಾಗೆ ಕಾಣುತ್ತದೆ, ಹೇಗೆ ಬದುಕಿತು, ಯಾರ ವಂಶದ್ದು? ಅಜ್ಡಾರ್ಕಿಡ್ ಬದುಕಿದ್ದು ಕೊಕ್ಕರೆಯಂತೆ, ಆದರೂ ಅದು ಕೊಕ್ಕರೆಯ ಪೂರ್ವಜನಲ್ಲ. ಮಾಗಡಿ, ರಾಮನಗರದ ಮೇಷ್ಟ್ರುಗಳು ಮಕ್ಕಳನ್ನು ರಣಹದ್ದು ನೋಡಲು, ಕೊಕ್ಕರೆ ನೋಡಲು ಕರೆದೊಯ್ದಾಗ ಕೊಕ್ಕು, ಕತ್ತು, ಪಾದಗಳನ್ನು ಹೋಲಿಸಿ ಚಿತ್ರ ಬರೆಸಲಿ. ಮೈಯ ರಚನೆಯಿಂದ ಬದುಕನ್ನು ಓದಲು ಕಲಿತ ಮಗು, ಎಲ್ಲೋ ಸಿಕ್ಕ ಒಂದು ಎಲುಬಿನಿಂದ ಅಳಿದ ವಂಶವೊಂದನ್ನು ವಿಜ್ಞಾನಿಗಳು ಹೇಗೆ ಕಟ್ಟುತ್ತಾರೆ ಎಂಬುದನ್ನೂ ಅರಿಯಬಲ್ಲದು.