ಎಮ್ಮಾವಿನ ದಾರಿಯಲ್ಲಿ ನಮ್ಮ ಹತ್ತನೇ ತರಗತಿಯ ಮಕ್ಕಳು



ಪಾಸ್ಖ ಕಾಲದಲ್ಲಿ ಪ್ರತಿವರ್ಷವೂ ನಾವು ಎಮ್ಮಾವಿನ ದಾರಿಯ ಶುಭಸಂದೇಶವನ್ನು ಕೇಳುತ್ತೇವೆ (ಲೂಕ 24:13-35). ಇದೇ ದಿನಗಳಲ್ಲಿ ನಮ್ಮ ಮನೆಗಳು ಇನ್ನೊಂದು ಸುದ್ದಿಗಾಗಿ ಕಾಯುತ್ತಿರುತ್ತವೆ. ಅದು ಎಸ್.ಎಸ್.ಎಲ್.ಸಿ. ಫಲಿತಾಂಶ. ನಮ್ಮ ರಾಜ್ಯದಲ್ಲಿ ಅದು 2023ರಲ್ಲಿ ಮೇ 8ರಂದು, 2024ರಲ್ಲಿ ಮೇ 9ರಂದು, 2025ರಲ್ಲಿ ಮೇ 2ರಂದು ಪ್ರಕಟವಾಯಿತು. ಆ ಮೂರು ವರ್ಷಗಳಲ್ಲೂ ಪಾಸ್ಖ ಕಾಲ ಇನ್ನೂ ಮುಗಿದಿರಲಿಲ್ಲ. ದೇವಾಲಯದಲ್ಲಿ ಅಲ್ಲೆಲೂಯ ಹಾಡುತ್ತಿರುವಾಗಲೇ ಕೆಲವು ಮನೆಗಳಲ್ಲಿ ಶುಭಶುಕ್ರವಾರದ ಮೌನ ಕವಿದಿರುತ್ತದೆ.

ಕೆಲವು ವರ್ಷಗಳ ಹಿಂದಿನ ಮಾತು. ಫಲಿತಾಂಶ ಬಂದ ಭಾನುವಾರ, ಬಲಿಪೂಜೆ ಮುಗಿಸಿ ಬಾಗಿಲಲ್ಲಿ ನಿಂತಿದ್ದ ನಾವು ಒಬ್ಬ ಪೀಠಸೇವಕ ಹುಡುಗನನ್ನು ನೋಡಿದೊಡನೆ, "ಏನಪ್ಪಾ, ಎಷ್ಟು ಬಂತು?" ಎಂದು ಕೇಳಿದೆವು. ಅವನು ತಲೆ ತಗ್ಗಿಸಿ ಹೊರಟುಹೋದ. ಮುಂದಿನ ಮೂರು ಭಾನುವಾರ ಬರಲಿಲ್ಲ. ನಾವು ಮನೆಗೆ ಹೋದಾಗ ಅವನ ತಾಯಿ, "ಅವನಿಗೆ ಮೈ ಹುಷಾರಿಲ್ಲ ಫಾದರ್" ಎಂದರು. ಹುಡುಗ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದ. ಬಹಳ ಹೊತ್ತಿನ ಮೇಲೆ ಹೇಳಿದ: "ಚರ್ಚಿಗೆ ಬಂದರೆ ಎಲ್ಲರೂ ಅದನ್ನೇ ಕೇಳ್ತಾರೆ ಫಾದರ್. ನೀವೂ ಅದನ್ನೇ ಕೇಳಿದಿರಿ." ಗಣಿತ ಮತ್ತು ಇಂಗ್ಲಿಷಿನಲ್ಲಿ ಅವನು ಅನುತ್ತೀರ್ಣನಾಗಿದ್ದ. ಅಂದು ಅನುತ್ತೀರ್ಣರಾದವರು ನಾವೂ ಹೌದು.

ಎಮ್ಮಾವಿನ ದಾರಿಯಲ್ಲಿ ಯೇಸುಸ್ವಾಮಿ ಮಾಡಿದ್ದೇನು? ಆ ಇಬ್ಬರು ಶಿಷ್ಯರ ನಿರೀಕ್ಷೆ ಮುರಿದುಬಿದ್ದಿತ್ತು. ಜೆರುಸಲೇಮನ್ನೂ ತಮ್ಮ ಸಂಗಡಿಗರನ್ನೂ ಬಿಟ್ಟು ಸುಮಾರು ಹನ್ನೊಂದು ಕಿಲೋಮೀಟರ್ ದೂರದ ಹಳ್ಳಿಗೆ ಹೊರಟಿದ್ದರು. ಪ್ರಭು ಅವರನ್ನು ಅಡ್ಡಗಟ್ಟಿ ಹಿಂದಕ್ಕೆ ತಿರುಗಿಸಲಿಲ್ಲ. ಅವರು ಹೋಗುತ್ತಿದ್ದ ದಾರಿಯಲ್ಲೇ ಜೊತೆಗೂಡಿ ನಡೆದರು. ನಡೆದದ್ದೆಲ್ಲವೂ ತಮಗೆ ತಿಳಿದಿದ್ದರೂ, ಏನು ಮಾತನಾಡಿಕೊಳ್ಳುತ್ತಿದ್ದೀರಿ ಎಂದು ಅವರನ್ನೇ ಕೇಳಿದರು. ಅವರ ದುಃಖವನ್ನು ಅವರ ಬಾಯಿಂದಲೇ ಹೇಳಿಸಿದರು. ಪ್ರಭು ಅವರನ್ನು ಗದರಿದ್ದೂ ಉಂಟು. ಆದರೆ ಪೂರ್ತಿ ಕೇಳಿಸಿಕೊಂಡ ಮೇಲೆ. ಆಮೇಲೆ ಪವಿತ್ರ ಗ್ರಂಥವನ್ನು ವಿವರಿಸಿದರು, ಅವರ ಮನೆಗೆ ಹೋದರು, ರೊಟ್ಟಿ ಮುರಿದುಕೊಟ್ಟರು. ಅದೇ ರಾತ್ರಿ ಆ ಶಿಷ್ಯರು ತಾವಾಗಿಯೇ ಜೆರುಸಲೇಮಿಗೆ ಹಿಂತಿರುಗಿದರು.

ಮೊದಲು ನಡಿಗೆ, ಆಮೇಲೆ ಕೇಳಿಸಿಕೊಳ್ಳುವುದು, ಕೊನೆಗೆ ಬೋಧನೆ. ನಾವು ಇದನ್ನು ತಿರುಗಿಸಿಬಿಟ್ಟಿದ್ದೇವೆ. ನಮ್ಮಲ್ಲಿ ಬೋಧನೆಯೇ ಮೊದಲು. 2018ರಲ್ಲಿ ಯುವಜನರ ಕುರಿತು ರೋಮಿನಲ್ಲಿ ನಡೆದ ಧರ್ಮಾಧ್ಯಕ್ಷರ ಸಿನೊಡ್ ತನ್ನ ಅಂತಿಮ ದಾಖಲೆಗೆ ಎಮ್ಮಾವಿನ ಪ್ರಸಂಗವನ್ನೇ ಚೌಕಟ್ಟಾಗಿ ಆರಿಸಿಕೊಂಡಿತು. 2019ರಲ್ಲಿ ಪೋಪ್ ಫ್ರಾನ್ಸಿಸರು ಹೊರಡಿಸಿದ 'ಕ್ರಿಸ್ತುಸ್ ವೀವಿತ್' ಎಂಬ ಪತ್ರದಲ್ಲೂ ಇದೇ ಪ್ರಸಂಗವನ್ನು ನೆನಪಿಸಲಾಗಿದೆ.

ಶಾಲೆ ಬಿಡುವ ವಯಸ್ಸಿನಲ್ಲಿ ಜೊತೆಗೆ ನಡೆಯುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಬೆಲ್ಜಿಯಂ ದೇಶದ ಗುರು ಜೋಸೆಫ್ ಕಾರ್ಡೈನ್ ತಮ್ಮ ಹರೆಯದಲ್ಲೇ ಕಂಡರು. 1882ರಲ್ಲಿ ಹುಟ್ಟಿದ ಅವರು ಶಾಲೆ ಮುಗಿಸಿ ಗುರುಮಠ ಸೇರಿದರು. ಜೊತೆಯ ಹುಡುಗರು ಕಾರ್ಖಾನೆ ಸೇರಿದರು. ರಜೆಯಲ್ಲಿ ಊರಿಗೆ ಬಂದಾಗ ಆ ಗೆಳೆಯರೇ ಇವರನ್ನು ಪರಕೀಯನಂತೆ ಕಂಡರು. ಅವರು ಧರ್ಮಸಭೆಯಿಂದ ದೂರವಾಗಿದ್ದರು. ಈ ನೋವನ್ನು ಕಾರ್ಡೈನ್ ಮರೆಯಲಿಲ್ಲ. ಅವರು ಕಟ್ಟಿದ ಯುವ ಕಾರ್ಮಿಕರ ಸಂಘಟನೆಗೆ 1925ರಲ್ಲಿ ಹನ್ನೊಂದನೇ ಪಿಯುಸ್ ಜಗದ್ಗುರುಗಳ ಬೆಂಬಲ ದೊರೆಯಿತು. 'ನೋಡು, ತೀರ್ಮಾನಿಸು, ಕಾರ್ಯಮಾಡು' ಎಂಬ ಅವರ ಕ್ರಮವನ್ನೇ ನಮ್ಮ ಶಾಲೆಗಳ ವೈ.ಸಿ.ಎಸ್. ಮಕ್ಕಳು ಇಂದಿಗೂ ಕಲಿಯುತ್ತಾರೆ.

ನಮ್ಮಲ್ಲೂ ಹತ್ತನೇ ತರಗತಿಯ ನಂತರ ದಾರಿಗಳು ಕವಲೊಡೆಯುತ್ತವೆ. ಕೆಲವರು ಪಿ.ಯು.ಸಿ., ಕೆಲವರು ಡಿಪ್ಲೊಮಾ, ಕೆಲವರು ಐ.ಟಿ.ಐ. ಸೇರುತ್ತಾರೆ. ಕೆಲವರು ಗಾರ್ಮೆಂಟ್ಸಿಗೋ ತೋಟದ ಕೆಲಸಕ್ಕೋ ಹೋಗುತ್ತಾರೆ. ಹದಿನೆಂಟು ತುಂಬದೆ ಮದುವೆ ಮಾಡುವುದು ಕಾನೂನಿಗೆ ವಿರುದ್ಧವೆಂದು ತಿಳಿದಿದ್ದರೂ ಕೆಲವು ಹೆಣ್ಣುಮಕ್ಕಳಿಗೆ ಸಂಬಂಧ ಹುಡುಕಲು ತೊಡಗುತ್ತಾರೆ. ಇದೇ ಹೊತ್ತಿಗೆ ಜ್ಞಾನೋಪದೇಶದ ತರಗತಿಯೂ ಮುಗಿದಿರುತ್ತದೆ. ಶಾಲೆ, ಗೆಳೆಯರು, ಉಪದೇಶಿಗಳು, ಎಲ್ಲರೂ ಒಮ್ಮೆಲೇ ದೂರವಾಗುತ್ತಾರೆ. ಮಗುವಿಗೆ ನಮ್ಮ ಅಗತ್ಯ ಹೆಚ್ಚಾಗಿರುವಾಗಲೇ ನಾವು ಕೈಬಿಡುತ್ತೇವೆ. ಹಾಗಾದರೆ ನಾವೇನು ಮಾಡಬಹುದು?

ಮೊದಲನೆಯದಾಗಿ, ಪರೀಕ್ಷೆಗೆ ಮುಂಚೆ ಸರಿಯಾದ ಪ್ರಾರ್ಥನೆಯನ್ನು ಕಲಿಸೋಣ. ತಪಸ್ಸುಕಾಲದಲ್ಲಿ ಮಕ್ಕಳ ಪ್ರವೇಶಪತ್ರ, ಪೆನ್ನುಗಳನ್ನು ಆಶೀರ್ವದಿಸುವ ರೂಢಿ ಒಳ್ಳೆಯದೇ. ಆದರೆ ಪ್ರಾರ್ಥನೆ ದೇವರಿಗೆ ಕೊಡುವ ಲಂಚವಲ್ಲ. ಹರಕೆ ಹೊತ್ತ ಮಗು ಅನುತ್ತೀರ್ಣವಾದರೆ, ದೇವರೂ ತನ್ನನ್ನು ಕೈಬಿಟ್ಟರೆಂದು ತಿಳಿದೀತು. ಅಂಕ ಎಷ್ಟೇ ಬರಲಿ, ಜ್ಞಾನಸ್ನಾನದಲ್ಲಿ ದೊರೆತ ದೇವರ ಮಕ್ಕಳೆಂಬ ಹಕ್ಕು ಅಳಿಯದು ಎಂಬುದನ್ನು ಅಂದೇ ಹೇಳಬೇಕು. ಪರೀಕ್ಷೆ ಬರೆಯುವವರ ಪಾಲಕರೆಂದು ನಾವು ಬೇಡಿಕೊಳ್ಳುವ ಕುಪೆರ್ತಿನೋದ ಸಂತ ಜೋಸೆಫರು ಓದಿನಲ್ಲಿ ಬಹಳ ಹಿಂದಿದ್ದವರು!

ಎರಡನೆಯದಾಗಿ, ಫಲಿತಾಂಶದ ದಿನ ಗೆದ್ದವರಿಗೆ ಸಿಹಿ ಹಂಚುವ ಮುನ್ನ ಸೋತವರ ಮನೆಗೆ ಹೋಗೋಣ. 2024ರಿಂದ ಹಳೆಯ ಪೂರಕ ಪರೀಕ್ಷೆಯ ಬದಲು ಪರೀಕ್ಷೆ-1, ಪರೀಕ್ಷೆ-2 ಎಂಬ ಕ್ರಮ ಬಂದಿದೆ. ಮತ್ತೆ ಬರೆಯಲು ಮುಂದಿನ ವರ್ಷದವರೆಗೆ ಕಾಯಬೇಕಿಲ್ಲ. ಇದನ್ನು ಪೀಠದಿಂದಲೇ ಪ್ರಕಟಿಸೋಣ. ಮಗು ಊಟ ಬಿಟ್ಟರೆ, ಯಾರೊಂದಿಗೂ ಸೇರದಿದ್ದರೆ, ಸಾಯುವ ಮಾತಾಡಿದರೆ ಅದನ್ನು ವಿಶ್ವಾಸದ ಕೊರತೆ ಎಂದು ಬೈಯಬೇಡಿ, ಒಂಟಿಯಾಗಿ ಬಿಡಬೇಡಿ. ಕೂಡಲೇ ವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ. ಮಕ್ಕಳ ಸಹಾಯವಾಣಿ 1098. ವೈದ್ಯರ ನೆರವು ಪಡೆದರೆ ಪ್ರಾರ್ಥನೆಗೆ ಕುಂದಿಲ್ಲ.

ಮೂರನೆಯದಾಗಿ, ಮುಂದಿನ ದಾರಿಯನ್ನು ದೈವಕರೆಯೆಂದು ಆರಿಸಲು ನೆರವಾಗೋಣ. ಕರೆ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಮಾತ್ರ ಬರುವುದಲ್ಲ. 'ದೇವರು ನನಗೆ ಕೊಟ್ಟ ವರ ಯಾವುದು? ಅದರಿಂದ ಯಾರಿಗೆ ಉಪಕಾರ?' ಈ ಎರಡು ಪ್ರಶ್ನೆಗಳನ್ನು ಮಗು ಪರಮಪ್ರಸಾದದ ಮುಂದೆ ಕುಳಿತು ಕೇಳಿಕೊಳ್ಳಲಿ. ಒಂದು ಭಾನುವಾರ ಪೂಜೆಯ ನಂತರ ನಮ್ಮ ಧರ್ಮಕೇಂದ್ರದ ನರ್ಸು, ಎಲೆಕ್ಟ್ರಿಷಿಯನ್, ಶಿಕ್ಷಕಿ, ರೈತ ತಮ್ಮ ಕೆಲಸದ ಬಗ್ಗೆ ಮಕ್ಕಳೊಂದಿಗೆ ಮಾತನಾಡಲಿ. ಹೆತ್ತವರೇ, ಐ.ಟಿ.ಐ. ಎಂದರೆ ಮೂಗು ಮುರಿಯಬೇಡಿ. 1955ರಲ್ಲಿ ಹನ್ನೆರಡನೇ ಪಿಯುಸ್ ಜಗದ್ಗುರುಗಳು ಮೇ 1ರಂದು ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನು ಸ್ಥಾಪಿಸಿದರು. ದೇವಪುತ್ರರು ಬೆಳೆದದ್ದು ಬಡಗಿಯ ಮನೆಯಲ್ಲಿ.

ನಾಲ್ಕನೆಯದಾಗಿ, ಊರು ಬಿಟ್ಟವರನ್ನು ಮರೆಯದಿರೋಣ. ಹಾಸ್ಟೆಲ್ಲಿಗೋ ಕೆಲಸಕ್ಕೋ ಹೋಗುವ ಪ್ರತಿಯೊಬ್ಬರ ಹೆಸರನ್ನು ಬರೆದಿಟ್ಟುಕೊಂಡು, ಆ ಊರಿನ ಧರ್ಮಕೇಂದ್ರದ ಗುರುಗಳಿಗೆ ಒಂದು ಫೋನು ಮಾಡೋಣ. ಐ.ಸಿ.ವೈ.ಎಂ. ಯುವಕ ಯುವತಿಯರು ತಲಾ ಒಬ್ಬೊಬ್ಬ ಕಿರಿಯರ ಹೊಣೆ ಹೊತ್ತು ತಿಂಗಳಿಗೊಮ್ಮೆ ವಿಚಾರಿಸಲಿ. ದಸರಾ ರಜೆಯಲ್ಲಿ ಎಲ್ಲರನ್ನೂ ಕೂಡಿಸಿ, ಬಲಿಪೂಜೆ ಅರ್ಪಿಸಿ, ಒಟ್ಟಿಗೆ ಊಟ ಮಾಡೋಣ. ಆ ಶಿಷ್ಯರು ಪ್ರಭುವನ್ನು ಗುರುತಿಸಿದ್ದು ಊಟದ ಮೇಜಿನಲ್ಲಿ.

ಪ್ರಿಯ ಮಕ್ಕಳೇ, ನೀವು ಯಾವ ದಾರಿ ಹಿಡಿದರೂ ಆ ದಾರಿಯಲ್ಲಿ ಪ್ರಭು ನಿಮ್ಮ ಪಕ್ಕದಲ್ಲೇ ನಡೆಯುತ್ತಿದ್ದಾರೆ. ಅವರಿಗೆ ಅಂಕಪಟ್ಟಿ ತೋರಿಸಬೇಕಿಲ್ಲ. ಮನಸ್ಸಿನಲ್ಲಿರುವುದನ್ನು ಹೇಳಿದರೆ ಸಾಕು.

ಆ ಹುಡುಗ ಮತ್ತೆ ಪರೀಕ್ಷೆ ಬರೆದು ಪಾಸಾದ, ಐ.ಟಿ.ಐ. ಸೇರಿದ. ಈಗ ದುಡಿಯುತ್ತಿದ್ದಾನೆ. ಪ್ರತಿ ಭಾನುವಾರ ಬರುತ್ತಾನೆಂದು ಹೇಳಲಾರೆವು, ಆದರೆ ಬರುತ್ತಾನೆ. ಈಗ ನಾವು ಬಾಗಿಲಲ್ಲಿ ನಿಂತು ಮಕ್ಕಳನ್ನು ಕೇಳುವುದು ಒಂದೇ ಮಾತು: "ಊಟ ಆಯ್ತಾ? ಬಾ, ಸ್ವಲ್ಪ ದೂರ ನಡೆಯೋಣ."

ಪುನರುತ್ಥಾನರಾದ ಪ್ರಭು ಕ್ರಿಸ್ತರು ನಮ್ಮ ಮಕ್ಕಳ ಜೊತೆಗೂ, ಅವರ ಜೊತೆ ನಡೆಯುವ ನಮ್ಮೆಲ್ಲರ ಜೊತೆಗೂ ಇರಲಿ. ಆಮೆನ್.